ಚಟ ಬಿಡಿಸುವುದು ಲಾಠಿಯ ಕೆಲಸವಲ್ಲ

ಇಷ್ಟು ಕಿಲೋ ಗಾಂಜಾ ಹಿಡಿದೆವು, ಇಷ್ಟು ಲೀಟರು ಸೇಂದಿ ಚೆಲ್ಲಿದೆವು ಎಂದು ಅಧಿಕಾರಿಗಳು ಮೇಜಿನ ಮೇಲೆ ಪೊಟ್ಟಣ ಜೋಡಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ನೋಡಿ ನೋಡಿ ಬೇಸತ್ತಿದ್ದಾರೆ. ಚೆಲ್ಲಿದ ಲೀಟರಿನ ಲೆಕ್ಕ ಇದೆ. ಅದನ್ನು ಕುಡಿಯುತ್ತಿದ್ದ ಹುಡುಗ ಮರುದಿನ ಏನಾದ ಎಂಬ ಲೆಕ್ಕ ಯಾವ ಕಚೇರಿಯ ಕಡತದಲ್ಲಿದೆ? ನಾವು ಕೇಳುವುದು ಆ ಲೆಕ್ಕವನ್ನು.

ನಮ್ಮ ಸೀಮೆಗೆ ಅಮಲು ಹೊಸದಲ್ಲ. ನಿಜಾಮನ ಬೊಕ್ಕಸಕ್ಕೆ ಅಬಕಾರಿಯೇ ಒಂದು ದೊಡ್ಡ ಕಂಬವಾಗಿತ್ತು. ಅದಕ್ಕೆಂದೇ 1947-48ರ ವಿಮೋಚನಾ ಹೋರಾಟದಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಿಗಳು ಸೇಂದಿ ಮರಗಳಿಗೆ ಕೊಡಲಿ ಹಾಕಿದರು. ನಿಜಾಮ ಹೋದ. ಕಂಬ ಮಾತ್ರ ಹೋಗಲಿಲ್ಲ, ಅದಕ್ಕೆ ಬೇರೆ ಬಣ್ಣ ಬಳಿದರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಸರ್ಕಾರದ ಮುದ್ರೆಯ ಅಗ್ಗದ ವಿಸ್ಕಿ ಬಂದು ಕುಳಿತಿತು. ಸಂವಿಧಾನದ 47ನೆಯ ವಿಧಿ ಅಮಲು ಪದಾರ್ಥಗಳನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕೆಂದು ಹೇಳುತ್ತದೆ. 2025-26ರ ಆಯವ್ಯಯವೋ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ವಸೂಲಿಯ ಗುರಿ ಹಾಕಿತು. ಎರಡನ್ನೂ ಒಂದೇ ಬಾಯಿಂದ ಓದುವ ಮಂತ್ರಿಗಳ ಗಂಟಲು ಗಟ್ಟಿಯಾಗಿರಬೇಕು.

ಇನ್ನು ಪುಡಿಯ ಮಾತು. ನಮ್ಮ ಹಳೆಯ ಜಿಲ್ಲೆ ರಾಯಚೂರಿನ ಕಡೆ 'ಸಿ.ಎಚ್. ಪೌಡರ್' ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. ಕ್ಲೋರಲನ್ನು ಮೊದಲು ಮಾಡಿದವನು ಜರ್ಮನಿಯ ರಸಾಯನ ಪಂಡಿತ ಲೀಬಿಗ್, 1832ರಲ್ಲಿ. ಮುಂದೆ ಅದು ನಿದ್ದೆಯ ಔಷಧವಾಯಿತು. ಅದೇ ಔಷಧ ಈಗ ಕೂಲಿಯವನ ಹೆಂಡದ ಪಾತ್ರೆಗೆ ಬಿದ್ದಿದೆ. ಈಚಲ ಮರ ಎಷ್ಟಿವೆ? ಕುಡಿಯುವವರು ಎಷ್ಟಿದ್ದಾರೆ? ಮರ ಕೊಡದಿದ್ದನ್ನು ಪುಡಿ ಕೊಡುತ್ತದೆ: ನೀರು, ಸ್ಯಾಕರಿನ್, ಒಂದು ಚಿಟಿಕೆ ಪುಡಿ, ಮೇಲೆ ಬಿಳಿ ನೊರೆ. ಕೆಲವು ಕಡೆ ಡಯಾಜೆಪಾಮ್, ಆಲ್ಪ್ರಜೋಲಾಮ್ ಎಂಬ ಔಷಧಗಳನ್ನೂ ಸೇರಿಸುತ್ತಾರೆ. ಕುಡಿಯುವವನು ಸೇಂದಿ ಕುಡಿದೆನೆಂದುಕೊಳ್ಳುತ್ತಾನೆ. ಒಳಗೆ ಹೋದದ್ದು ದವಾಖಾನೆಯ ಬೀರುವಿನಲ್ಲಿ ಬೀಗ ಹಾಕಿಡಬೇಕಾದ ವಸ್ತು.

ಇದರ ಕ್ರೌರ್ಯ ಕುಡಿಯುವಾಗ ಕಾಣುವುದಕ್ಕಿಂತ ಬಿಟ್ಟಾಗ ಹೆಚ್ಚು ಕಾಣುತ್ತದೆ. ವರ್ಷಗಟ್ಟಲೆ ಕುಡಿದವನು ಒಂದೇ ಏಟಿಗೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗುತ್ತವೆ, ನಿದ್ದೆ ಹಾರುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ, ಕೆಲವರು ಸತ್ತೇ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದು ತೆಲಂಗಾಣದ ಸೇಂದಿ ದುಕಾನುಗಳಿಗೆ ಬೀಗ ಬಿದ್ದಾಗ, ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಬಾಗಿಲಲ್ಲಿ ಇಂಥವರ ಸಾಲೇ ನಿಂತಿತ್ತು. ದುಕಾನು ಮುಚ್ಚಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಆಸ್ಪತ್ರೆ ತೆರೆಯದೆ ದುಕಾನು ಮುಚ್ಚುವುದು ಅರ್ಧ ಕೆಲಸ, ಆ ಅರ್ಧಕ್ಕೆ ಜೀವ ಕೊಡುವವನು ಬಡವ.

ಯಲಬುರ್ಗಾ ತಾಲ್ಲೂಕಿನ ಒಬ್ಬ ಹುಡುಗನನ್ನು ನಾವು ಬಲ್ಲೆವು. ಹೆಸರು ಹೇಳುವುದಿಲ್ಲ, ಅವನಿಗೆ ನಾಳೆ ಕೆಲಸ ಸಿಗಬೇಕು, ಹೆಣ್ಣು ಸಿಗಬೇಕು. ಮಳೆ ಕೈಕೊಟ್ಟ ವರ್ಷ ಹದಿನೇಳಕ್ಕೇ ರಾಯಚೂರು ಕಡೆಯ ಅಕ್ಕಿ ಗಿರಣಿಗೆ ಹಮಾಲಿಗೆ ಹೋದ. 75 ಕಿಲೋದ ಭತ್ತದ ಚೀಲ, ರಾತ್ರಿಯೆಲ್ಲ ಲಾರಿ ಲೋಡು. "ಒಂದು ಪಾಕೀಟ ಕುಡಿಯೋ, ಬೆನ್ನು ಹಗುರಾಕ್ಕೈತಿ" ಎಂದು ಜೊತೆಯ ಹಿರಿಯನೇ ಕೊಟ್ಟ. ಬೆನ್ನು ಹಗುರಾದದ್ದೂ ನಿಜ. ಎರಡು ವರ್ಷದಲ್ಲಿ ಅದಿಲ್ಲದೆ ಬೆಳಿಗ್ಗೆ ಏಳಲಾರದಾದ. ಗಂಗಾವತಿಗೆ ಬಂದ ಮೇಲೆ ಮನೆಯವರು ಚಟ ಬಿಡಿಸಲೆಂದು ಮಂಚಕ್ಕೆ ಕಟ್ಟಿದರು. ಮೂರನೆಯ ದಿನ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ. "ಮಾಸ್ತರ್ರ, ನನ್ನ ಮಗ ನನ್ನ ಗುರ್ತಾ ಹಿಡಿವಲ್ಲನ್ರೀ" ಎಂದು ತಾಯಿ ನಮ್ಮ ಸಂಘದ ಕೋಣೆಗೆ ಬಂದಾಗ ಊರಿನವರು ದೆವ್ವ ಬಿಡಿಸುವವನನ್ನು ಕರೆತರಲು ಹೋಗಿದ್ದರು. ಮೊದಲು ಹೋದ ದವಾಖಾನೆಯಲ್ಲಿ 'ಕುಡುಕರಿಗೆ ಹಾಸಿಗೆ ಇಲ್ಲ' ಎಂದರು. ಎರಡನೆಯದರಲ್ಲಿ ಒಬ್ಬ ಮನೋವೈದ್ಯರು ಸಿಕ್ಕರು. ಅವರು ಬೈಯಲಿಲ್ಲ, ಕಟ್ಟಲೂ ಇಲ್ಲ. ಅದೇ ಗುಣದ ಮಾತ್ರೆಯನ್ನು ಅಳತೆ ಮಾಡಿ ಕೊಟ್ಟು, ವಾರ ವಾರ ಇಳಿಸುತ್ತ ಬಂದರು. ಹುಡುಗ ನಡುವೆ ಎರಡು ಸಲ ಜಾರಿದ, ಎರಡೂ ಸಲ ಬಟವಾಡೆಯ ದಿನ. ಮತ್ತೆ ಕರೆದೊಯ್ದೆವು. ಈಗ ಹದಿನಾಲ್ಕು ತಿಂಗಳಾಯಿತು, ಮುಟ್ಟಿಲ್ಲ.

"ಕುಡಿ ಎಂದು ಯಾರು ಹೇಳಿದ್ದರು? ಮನಸ್ಸು ಗಟ್ಟಿ ಇರಬೇಕು" ಎಂದು ಉಪದೇಶ ಮಾಡುವ ಮಹನೀಯರು ನಮ್ಮಲ್ಲಿ ಬಹಳ. ಮನಸ್ಸು ಗಟ್ಟಿ ಮಾಡಿ ಫಿಟ್ಸ್ ನಿಲ್ಲಿಸಿದವರು ಯಾರಾದರೂ ಇದ್ದರೆ ಮುಂದೆ ಬರಲಿ. ಕಾಯಿದೆಯೇ ಇವರಿಗಿಂತ ಬುದ್ಧಿವಂತವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ಮಾನಸಿಕ ಸ್ಥಿತಿಯನ್ನು ಕಾಯಿಲೆ ಎಂದೇ ಎಣಿಸುತ್ತದೆ. 1985ರ ಮಾದಕ ವಸ್ತು ಕಾಯಿದೆಯ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಪಡೆಯಬೇಕು, ಅಷ್ಟೆ. ಠಾಣೆಗೆ ಎಳೆದೊಯ್ದ ಎಷ್ಟು ಹುಡುಗರಿಗೆ ಈ ಕಲಮನ್ನು ಓದಿ ಹೇಳಿದ್ದಾರೆ? ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು 2020ರ ಮಾರ್ಚಿನಲ್ಲಿ ಕೆಡವಿದಾಗ ಗಾಂಜಾವೂ ಹೊಳೆ ಪಾಲಾಯಿತೆಂದು ಕೆಲವರು ಪೇಟೆಯಲ್ಲಿ ಬೀಗಿದರು. ಕಟ್ಟಡ ಕೆಡವಿದ್ದು ಪರಂಪರೆ ಪ್ರದೇಶದ ನಿಯಮ ಮುರಿದದ್ದಕ್ಕೆ. ಗಾಂಜಾಕ್ಕೆ ಗೋಡೆ ಬೇಕೇ?

ಗಿರಣಿ ಮಾಲಕರಿಗೂ ಒಂದು ಮಾತು. ರಾತ್ರಿ ಲೋಡು ಬೇಗ ಮುಗಿಯಲೆಂದು ಕೂಲಿಯ ಜೊತೆಗೆ 'ಖುಷಿ' ಎಂದು ಬಾಟಲಿಯ ರೊಕ್ಕ ಕೊಡುವುದು ಔದಾರ್ಯವಲ್ಲ. ಓವರ್‌ಟೈಮನ್ನು ಅಮಲಿನಲ್ಲಿ ತೀರಿಸುವ ಉಪಾಯ. ಚೀಟಿಯಿಲ್ಲದೆ ನಿದ್ದೆ ಮಾತ್ರೆ ಮಾರುವ ಅಂಗಡಿಕಾರ ಬಂಧುಗಳೇ, ನಿಮ್ಮನ್ನೂ ಬಿಡುವುದಿಲ್ಲ. ದೊಡ್ಡ ಬಂಡವಾಳಗಾರ ನಿಮ್ಮನ್ನು ತಿನ್ನುತ್ತಾನೆಂದು ನಮ್ಮ ಸಭೆಗೆ ಬರುತ್ತೀರಿ. ನಿಮ್ಮ ಗಲ್ಲಾಕ್ಕೆ ಬಂದ ಆ ಹತ್ತು ರೂಪಾಯಿ ಯಾರ ಮನೆಯ ಜೋಳದ್ದು?

ಹೆಂಗಸರು ಇದನ್ನು ನಮಗಿಂತ ಮೊದಲೇ ಅರಿತರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರು, ಕಾಲ್ನಡಿಗೆಯಲ್ಲಿ ಹೋದರು. ನಮ್ಮ ಸೀಮೆಯ ಕೂಲಿಕಾರ ತಾಯಂದಿರು ಅದರಲ್ಲಿದ್ದರು. ಸರ್ಕಾರ ಅವರಿಗೆ ಕೊಟ್ಟದ್ದು ಆಶ್ವಾಸನೆ.

ಆಶ್ವಾಸನೆ ನಮಗೆ ಬೇಡ. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಮಾತ್ರ ಎಲ್ಲರನ್ನೂ ಅಟ್ಟದೆ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ಚಟ ಬಿಡಿಸಲೆಂದೇ ಹಾಸಿಗೆ ಮೀಸಲಿಡಬೇಕು. ಸೇಂದಿ ದಾಳಿಗೆ ಹೋಗುವ ಜೀಪಿನ ಹಿಂದೆ ಅದೇ ದಿನ ಆ ಊರಿಗೆ ವೈದ್ಯರ ಜೀಪೂ ಹೋಗಬೇಕು. ಹಮಾಲರ ಹೆಸರು ಗಿರಣಿಯ ಹಾಜರಿ ಪುಸ್ತಕಕ್ಕೆ ಏರಬೇಕು. ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಇಎಸ್‌ಐ ಇಲ್ಲ, ಕಾಯಿಲೆಯ ದಿನಗಳ ಭತ್ಯೆಯೂ ಇಲ್ಲ. ಚಿಕಿತ್ಸೆ ಮುಗಿಸಿ ಬಂದವನಿಗೆ ಅವನ ಗುಂಪಿನಲ್ಲಿ ಅವನ ಪಾಳಿ ಹಾಗೇ ಇರಬೇಕು. ಈ ಕೊನೆಯದನ್ನು ಯಾರ ಬಳಿಯೂ ಬೇಡಬೇಕಾಗಿಲ್ಲ, ಗುಂಪಿನ ಮುಕಾದಮರು ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ. ಅಲ್ಲಿಯವರೆಗೆ ಚಟ ಬಿಡಿಸುವ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಅಂಕಿಗಳನ್ನು ಪ್ರತಿ ಗಿರಣಿಯ ಗೇಟಿನ ಎದುರು, ಪ್ರತಿ ಅಡತಿ ಅಂಗಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ.