ಉಸ್ತಾದರು ಕಲಿಯುವುದು ಎಲ್ಲಿ?

ಬೆಳಗ್ಗೆ ಏಳು ಗಂಟೆಯ ಮದ್ರಸ. ಎರಡನೇ ತರಗತಿಯ ಹುಡುಗನೊಬ್ಬ ಉಸ್ತಾದರ ಮೇಜಿನ ಪಕ್ಕ ನಿಂತು ‘ಕಲ್ಬ್’ ಎಂದ. ಉಸ್ತಾದರು ಅಲ್ಲವೆಂದು ತಲೆಯಾಡಿಸಿದರು. ಅರಬಿಯಲ್ಲಿ ಈ ಪದದ ಮೊದಲ ಅಕ್ಷರವನ್ನು ಕಿರುನಾಲಗೆಯ ಬಳಿಯಿಂದ ಹೊರಡಿಸಿದರೆ ಹೃದಯ ಎಂದರ್ಥ. ನಮ್ಮ ‘ಕ’ದ ಹಾಗೆ ಹೇಳಿದರೆ ನಾಯಿ. ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ ಅಕ್ಷರ. ಹುಡುಗನ ಕಿವಿಗೂ ಅವತ್ತಿನವರೆಗೆ ಎರಡೂ ಒಂದೇ ಆಗಿದ್ದವು. ಉಸ್ತಾದರು ತಮ್ಮ ಗಂಟಲ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿದರು. ಬಾಯಿ ತೆರೆದು ನಾಲಗೆ ಎಲ್ಲಿ ತಾಗುತ್ತದೆಂದು ತೋರಿಸಿದರು. ಹುಡುಗ ಮೂರು ಸಲ ತಪ್ಪಿದ, ನಾಲ್ಕನೇ ಸಲ ಸರಿಯಾಗಿ ಹೇಳಿ ತಾನೇ ಬೆರಗಾದ. ‘ಹಾಂ, ಈಗ ಬಂತು’ ಎಂದು ಉಸ್ತಾದರು ಮುಂದಿನ ಮಗುವನ್ನು ಕರೆದರು. ಮೂವತ್ತು ಮಕ್ಕಳ ಆ ತರಗತಿಯಲ್ಲಿ ಪ್ರತಿಯೊಬ್ಬರ ದನಿಯನ್ನೂ ಅವರು ಕೇಳಿದರು.

ಅದೇ ವಾರದ ಭಾನುವಾರ ಆ ಊರಿನ ಶಾಲೆಯೊಂದರಲ್ಲಿ ಶಿಕ್ಷಕರಿಗೆ ಕಾರ್ಯಾಗಾರವಿತ್ತು. ಆ ಉಸ್ತಾದರು ಕೊನೆಯ ಸಾಲಿನಲ್ಲಿ ಕೂತಿದ್ದರು. ದೂರದಿಂದ ಬಂದ ಸಂಪನ್ಮೂಲ ವ್ಯಕ್ತಿ ಮಗುವಿಗೆ ವೈಯಕ್ತಿಕ ಗಮನ ಕೊಡುವುದು ಹೇಗೆ, ತಪ್ಪನ್ನು ತಕ್ಷಣ ತಿದ್ದುವುದು ಹೇಗೆ ಎಂದು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳನ್ನು ತೋರಿಸುತ್ತ ಒಂದೂವರೆ ಗಂಟೆ ಮಾತಾಡಿದರು. ನೀವು ಇದನ್ನು ಹೇಗೆ ಮಾಡುತ್ತೀರಿ ಎಂದು ಉಸ್ತಾದರನ್ನು ಒಬ್ಬರೂ ಕೇಳಲಿಲ್ಲ. ಕೇಳಬಹುದಿತ್ತು ಎಂದು ನನಗೂ ಆಗ ಹೊಳೆಯಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಇಸ್ಲಾಮಿಕ್ ಶಾಲೆಯ ಶಿಕ್ಷಕರ ತರಬೇತಿ ಎಲ್ಲಿಂದ ಶುರುವಾಗಬೇಕು?

ಇಸ್ಲಾಮಿಕ್ ಶಾಲೆ ಎಂದ ಕೂಡಲೇ ಎಲ್ಲರೂ ಮದ್ರಸವನ್ನಷ್ಟೇ ನೆನೆಯುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸಗಳಲ್ಲಿ ಓದುವವರು ಸುಮಾರು ಶೇಕಡಾ 3 ಮಾತ್ರ ಎಂದು 2006ರ ಸಾಚಾರ್ ಸಮಿತಿ ವರದಿಯೇ ಹೇಳಿತ್ತು. ನಮ್ಮ ಕರಾವಳಿಯ ಮಕ್ಕಳು ಬೆಳಗ್ಗೆಯೋ ಸಂಜೆಯೋ ಮಸೀದಿ ಪಕ್ಕದ ಮದ್ರಸಕ್ಕೆ ಹೋಗುತ್ತಾರೆ, ಉಳಿದ ಹೊತ್ತು ಶಾಲೆಗೆ. ಮುಸ್ಲಿಂ ಸಂಸ್ಥೆಗಳು ನಡೆಸುವ ಎಷ್ಟೋ ಶಾಲೆಗಳಲ್ಲಿ ಇವೆರಡೂ ಒಂದೇ ಕಟ್ಟಡದೊಳಗೆ ಬಂದಿವೆ. ಗಣಿತ, ವಿಜ್ಞಾನಕ್ಕೆ ಬಿ.ಎಡ್. ಮಾಡಿದ ಟೀಚರ್, ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಕುರ್‌ಆನ್, ಅರಬಿ, ದೀನಿಯಾತ್‌ಗೆ ಉಸ್ತಾದರು. ಇಬ್ಬರಿಗೂ ಮಕ್ಕಳು ಅವರೇ, ಕೋಣೆಯೂ ಅದೇ. ಆದರೆ ಗಣಿತದ ಟೀಚರ್‌ಗೆ ಉಸ್ತಾದರು ಏನು ಮಾಡುತ್ತಾರೆಂದು ಗೊತ್ತಿಲ್ಲ, ಉಸ್ತಾದರಿಗೆ ಟೀಚರ್ ಏನು ಮಾಡುತ್ತಾರೆಂದು ಗೊತ್ತಿಲ್ಲ. ತರಬೇತಿಗಳೂ ಬೇರೆ ಬೇರೆ. ನನ್ನ ದೃಷ್ಟಿಯಲ್ಲಿ ರೋಗದ ಮೂಲ ಇರುವುದು ಈ ಗೋಡೆಯಲ್ಲಿ.

ಧರ್ಮ ಕಲಿಸುವವರಿಗೆ ತರಬೇತಿ ಯಾತಕ್ಕೆ, ವಿದ್ವತ್ತು ಮತ್ತು ಭಕ್ತಿ ಇದ್ದರೆ ಸಾಲದೇ ಎಂದು ಜಮಾಅತಿನ ಹಿರಿಯರು ಕೇಳುವುದುಂಟು. ಅವರ ಮಾತಿನಲ್ಲಿ ಗೌರವಿಸಬೇಕಾದ ಅಂಶವಿದೆ. ತಾನು ಕಲಿಸುವುದನ್ನು ನಂಬದ ಮೇಷ್ಟ್ರು ಯಾವ ವಿಷಯಕ್ಕೂ ಒಳ್ಳೆಯ ಮೇಷ್ಟ್ರಾಗಲಾರ. ಆದರೆ ತಿಳಿದಿರುವುದು ಬೇರೆ, ತಿಳಿಸುವುದು ಬೇರೆ ಎಂಬುದನ್ನು ಅವರದೇ ಪರಂಪರೆ ಸಾವಿರ ವರ್ಷದ ಹಿಂದೆ ಕಂಡುಕೊಂಡಿದೆ. ಇಮಾಂ ಗಝಾಲಿ 1091ರಲ್ಲಿ ಬಗ್ದಾದಿನ ನಿಝಾಮಿಯ ಮದ್ರಸದಲ್ಲಿ ಪಾಠ ಹೇಳಲು ಬಂದವರು. ಅವರ ‘ಇಹ್ಯಾ’ ಗ್ರಂಥದ ಮೊದಲ ಭಾಗವೇ ಜ್ಞಾನದ ಕುರಿತದ್ದು, ಅದರಲ್ಲಿ ಗುರುವಿನ ಕರ್ತವ್ಯಗಳನ್ನು ಒಂದೊಂದಾಗಿ ಹೇಳಿದ್ದಾರೆ. ಶಿಷ್ಯರನ್ನು ಹೆತ್ತ ಮಕ್ಕಳಂತೆ ಕಾಣಬೇಕು, ತಪ್ಪನ್ನು ಬಹಿರಂಗವಾಗಿ ಹಂಗಿಸದೆ ಸೂಚನೆಯಿಂದ ತಿದ್ದಬೇಕು, ಮಗುವಿನ ಬುದ್ಧಿಗೆ ನಿಲುಕುವಷ್ಟನ್ನೇ ಹೇಳಬೇಕು. ಮೂರು ಶತಮಾನದ ನಂತರ ಇಬ್ನ್ ಖಲ್ದೂನ್ ತಮ್ಮ ‘ಮುಖದ್ದಿಮ’ದಲ್ಲಿ ವಿದ್ಯಾರ್ಥಿಗಳ ಮೇಲೆ ಕಾಠಿಣ್ಯ ತೋರಿಸುವುದರ ಕೆಡುಕನ್ನೇ ಒಂದು ಅಧ್ಯಾಯವಾಗಿ ಬರೆದರು. ಏಟಿಗೆ ಹೆದರಿದ ಮಗು ಸುಳ್ಳು ಹೇಳುವುದನ್ನೂ ಮೋಸವನ್ನೂ ಕಲಿಯುತ್ತದೆ, ಅದರ ಉತ್ಸಾಹ ಬತ್ತುತ್ತದೆ ಎನ್ನುವುದು ಅವರ ವಾದ. ಬೆತ್ತವನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವವರಿಗೆ ಉತ್ತರ ಆ ಸಂಪ್ರದಾಯದೊಳಗೇ ಇದೆ.

ಇನ್ನೊಂದು ಕಡೆಯಿಂದ ಬರುವ ಮಾತು ಆಧುನೀಕರಣದ್ದು. ಈ ಶಾಲೆಗಳು ಹಿಂದುಳಿದಿವೆ, ಹೊರಗಿನಿಂದ ಹೊಸದನ್ನು ತಂದು ತುಂಬಬೇಕು ಎನ್ನುವವರು ಇವರು. ಕೇಂದ್ರ ಸರ್ಕಾರ ಮದ್ರಸಗಳಲ್ಲಿ ವಿಜ್ಞಾನ, ಗಣಿತ, ಇಂಗ್ಲಿಷ್ ಕಲಿಸಲು ಯೋಜನೆಯೊಂದನ್ನು ನಡೆಸಿತ್ತು. ಪದವೀಧರ ಶಿಕ್ಷಕರಿಗೆ ತಿಂಗಳಿಗೆ 6,000, ಸ್ನಾತಕೋತ್ತರ ಪದವಿ ಅಥವಾ ಬಿ.ಎಡ್. ಇದ್ದವರಿಗೆ 12,000 ರೂಪಾಯಿ ಗೌರವಧನ. ಉತ್ತರ ಪ್ರದೇಶದ ಶಿಕ್ಷಕರು ಆ ಹಣಕ್ಕಾಗಿ ವರ್ಷಗಟ್ಟಲೆ ಕಾದರು. 2022ರ ಮಾರ್ಚ್ ನಂತರ ಯೋಜನೆಯೇ ಮುಂದುವರಿಯಲಿಲ್ಲ. ಹಣದ ವಿಷಯ ಒತ್ತಟ್ಟಿಗಿರಲಿ, ಅಲ್ಲಿಯೂ ಗಣಿತದ ಮೇಷ್ಟ್ರು ಮದ್ರಸದ ಒಳಗೆ ಬಂದು ಪಕ್ಕದ ಕೋಣೆಯಲ್ಲಿ ಪಾಠ ಮಾಡಿದರೇ ಹೊರತು, ಮೌಲಾನಾ ಮತ್ತು ಅವರು ಒಟ್ಟಿಗೆ ಕೂತು ಒಂದು ಮಗುವಿನ ಬಗ್ಗೆ ಮಾತಾಡುವ ವ್ಯವಸ್ಥೆ ಯೋಜನೆಯ ಕಣ್ಣಿಗೆ ಬೀಳಲಿಲ್ಲ. ನಿನಗೇನೂ ಗೊತ್ತಿಲ್ಲ ಎಂಬಲ್ಲಿಂದ ಶುರುವಾಗುವ ಯಾವ ತರಬೇತಿಯೂ ಶಿಕ್ಷಕರ ಒಳಗೆ ಇಳಿಯುವುದಿಲ್ಲ.

ಉಸ್ತಾದರಿಗೆ ಏನು ಗೊತ್ತಿದೆ ಎಂಬುದಕ್ಕೆ ಹಿಫ್ಝ್ ತರಗತಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕುರ್‌ಆನಿನ 30 ಭಾಗಗಳನ್ನೂ ಬಾಯಿಪಾಠ ಮಾಡುವ ತರಗತಿ ಅದು. ಬಾಯಿಪಾಠ ಎಂದೊಡನೆ ಮೂಗು ಮುರಿಯುವ ಶಿಕ್ಷಣತಜ್ಞರು ಅಲ್ಲಿ ಒಂದು ಬೆಳಗ್ಗೆ ಕೂತು ನೋಡಬೇಕು. ಮಗುವಿನ ದಿನ ಮೂರು ಪಾಲಾಗಿರುತ್ತದೆ. ಇವತ್ತಿನ ಹೊಸ ಪಾಠ ‘ಸಬಖ್’. ಕಳೆದ ಕೆಲವು ದಿನಗಳಲ್ಲಿ ಕಲಿತದ್ದನ್ನು ಒಪ್ಪಿಸುವುದು ‘ಸಬ್ಖೀ’. ತಿಂಗಳುಗಳ ಹಿಂದೆ ಕಲಿತದ್ದನ್ನು ಸರದಿಯ ಪ್ರಕಾರ ತಿರುಗಿ ಓದುವುದು ‘ಮನ್ಝಿಲ್’. ಹೊಸದು ಎಷ್ಟೇ ಚೆನ್ನಾಗಿ ಬಂದರೂ ಹಳೆಯದು ಸಡಿಲಾಗಿದ್ದರೆ ಉಸ್ತಾದರು ಮುಂದಕ್ಕೆ ಬಿಡುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ನೆನಪಿನ ಬಗ್ಗೆ ಪುಸ್ತಕ ಬರೆದು, ಕಲಿತದ್ದು ಮೊದಮೊದಲು ಬಲು ಬೇಗ ಅಳಿಯುತ್ತದೆ, ಒಂದೇ ಸಲ ಉರು ಹೊಡೆಯುವುದಕ್ಕಿಂತ ದಿನಗಳನ್ನು ಬಿಟ್ಟು ಬಿಟ್ಟು ಮರಳಿ ಕಲಿತರೆ ನಿಲ್ಲುತ್ತದೆ ಎಂದು ತೋರಿಸಿದ. ಹಿಫ್ಝ್ ಉಸ್ತಾದರು ಆ ಪುಸ್ತಕದ ಹೆಸರು ಕೇಳದೆಯೇ ಅದನ್ನು ಪ್ರತಿದಿನ ನಡೆಸುತ್ತಿದ್ದಾರೆ.

ಅದೇ ಮಗು ಹತ್ತು ಗಂಟೆಗೆ ಪಕ್ಕದ ಕೋಣೆಯಲ್ಲಿ ಗಣಿತಕ್ಕೆ ಕೂರುತ್ತದೆ. ಜುಲೈಯಲ್ಲಿ ಭಿನ್ನರಾಶಿ ಮುಗಿದಿರುತ್ತದೆ. ಆಗಸ್ಟಿನಲ್ಲಿ ದಶಮಾಂಶ. ಭಿನ್ನರಾಶಿ ಮತ್ತೆ ಕಾಣಿಸುವುದು ವಾರ್ಷಿಕ ಪರೀಕ್ಷೆಯ ಹಿಂದಿನ ವಾರ. ಅಷ್ಟರಲ್ಲಿ ಮಗು ಅದನ್ನು ಮರೆತಿರುತ್ತದೆ, ಟೀಚರ್ ‘ಎಷ್ಟು ಸಲ ಹೇಳಿಕೊಡುವುದು’ ಎಂದು ನೊಂದುಕೊಳ್ಳುತ್ತಾರೆ. ಈ ಟೀಚರ್ ಒಂದು ವಾರ ಹಿಫ್ಝ್ ತರಗತಿಯಲ್ಲಿ ಕೂತರೆ ಗಣಿತಕ್ಕೂ ಒಂದು ಸಬ್ಖೀ, ಒಂದು ಮನ್ಝಿಲ್ ಇಟ್ಟುಕೊಳ್ಳಬಹುದು. ಪಾಠದ ಮೊದಲ ಐದು ನಿಮಿಷ ಕಳೆದ ವಾರದ ಎರಡು ಲೆಕ್ಕ, ಹೋದ ತಿಂಗಳ ಒಂದು ಲೆಕ್ಕ.

ಉಸ್ತಾದರೂ ಆ ಕೋಣೆಗೆ ಹೋಗಬೇಕು. ಒಳ್ಳೆಯ ವಿಜ್ಞಾನದ ಟೀಚರ್ ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದನ್ನು ನೋಡಬೇಕು. ‘ನಿನಗೆ ಯಾಕೆ ಹಾಗನ್ನಿಸಿತು?’ ಎಂದು ತಪ್ಪು ಉತ್ತರದ ಬೆನ್ನು ಹತ್ತಿ ಹೋಗುವುದನ್ನು ನೋಡಬೇಕು. ಮದ್ರಸದಲ್ಲಿ ಓದುವಿಕೆಗೆ ಸಿಗುವ ಶ್ರದ್ಧೆ ಅರ್ಥಕ್ಕೆ ಸಿಗುತ್ತಿಲ್ಲ. ಅಂಗಶುದ್ಧಿಯ ನಿಯಮಗಳನ್ನು ಒಪ್ಪಿಸುವ ಮಗುವಿಗೆ ನೀರು ಪೋಲು ಮಾಡಬಾರದೆಂಬ ಮಾತು ಅದೇ ಪಾಠದೊಳಗಿದೆ ಎಂದು ಹೊಳೆಯುವುದಿಲ್ಲ. ಹೊಳೆಯುವಂತೆ ಮಾಡುವುದು ಒಂದು ಕೌಶಲ, ಅದನ್ನು ಕಲಿಯಬಹುದು.

ದಕ್ಷಿಣ ಕನ್ನಡದ ಬ್ಯಾರಿ ಮಗುವಿನ ಭಾಷೆಯನ್ನೂ ಇಲ್ಲಿ ನೆನೆಯಬೇಕು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕುರ್‌ಆನಿನದು ಅರಬಿ. ಮದ್ರಸದ ಪಠ್ಯ ಬಹುಕಾಲ ಅರಬಿ ಲಿಪಿಯಲ್ಲಿ ಬರೆದ ಮಲಯಾಳ; ಈಗ ಕನ್ನಡದಲ್ಲೂ ಪುಸ್ತಕಗಳಿವೆ. ಭಟ್ಕಳದ ಮಗುವಿಗೆ ನವಾಯತಿ ಮತ್ತು ಉರ್ದು, ಕಲಬುರಗಿಯ ಮಗುವಿಗೆ ದಖ್ಖನಿ. ಕೇರಳದಿಂದ ಬಂದ ಉಸ್ತಾದರು ‘ಸಬ್ರ್’ ಎಂಬ ಪದಕ್ಕೆ ಮಲಯಾಳದ ‘ಕ್ಷಮ’ ಎಂಬ ಅರ್ಥ ಹೇಳುತ್ತಾರೆ. ಮಲಯಾಳದಲ್ಲಿ ಅದು ತಾಳ್ಮೆ. ಕನ್ನಡ ಓದುವ ಮಗುವಿಗೆ ಅದು ಕ್ಷಮೆ ಎಂದು ಕೇಳಿಸುತ್ತದೆ. ಮಗು ತಪ್ಪು ತಿಳಿದುಕೊಂಡೇ ಮನೆಗೆ ಹೋಗುತ್ತದೆ, ಪರೀಕ್ಷೆಯಲ್ಲಿ ‘ಕ್ಷಮ’ ಎಂದು ಬರೆದು ಅಂಕವನ್ನೂ ಪಡೆಯುತ್ತದೆ. ಇಂಥ ತೊಡಕನ್ನು ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬರುವ ಯಾವ ತರಬೇತುದಾರರೂ ಹಿಡಿಯಲಾರರು. ಹಿಡಿಯಬಲ್ಲವರು ಅದೇ ಶಾಲೆಯ ಕನ್ನಡ ಟೀಚರ್, ಅವರು ಆ ತರಗತಿಯಲ್ಲಿ ಕೂತಿದ್ದರೆ.

ತರಬೇತಿ ತರಗತಿಯೊಳಗೇ ನಡೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು: ಭಾಷಣ ಕೇಳಿ, ಮಾದರಿ ಪಾಠ ನೋಡಿ ಹೋದ ಶಿಕ್ಷಕರು ಅದನ್ನು ತರಗತಿಗೆ ಒಯ್ಯುವುದು ಅಪರೂಪ, ಜೊತೆಗಿದ್ದು ನೋಡಿ ಹೇಳುವ ಸಹೋದ್ಯೋಗಿ ಇದ್ದರೆ ಮಾತ್ರ ಅದು ನಿಲ್ಲುತ್ತದೆ. ಇದೇನೂ ಪರಕೀಯ ವಿಚಾರವಲ್ಲ. ಗುರುವಿನ ಬಳಿ ಕೂತು ಓದಿ, ಅವರು ಕೇಳಿಸಿಕೊಂಡು ಒಪ್ಪಿದ ಮೇಲೆ ‘ಇಜಾಝತ್’ ಪಡೆಯುವುದು ಇಸ್ಲಾಮಿಕ್ ವಿದ್ಯಾಪರಂಪರೆಯ ಹಳೆಯ ಕ್ರಮ. ಭಾನುವಾರ ಹಾಜರಿ ಹಾಕಿದವರಿಗೆಲ್ಲ ಸಂಜೆ ಪ್ರಮಾಣಪತ್ರ ಹಂಚುವುದು ಆ ಪರಂಪರೆಯ ಗುಣಕ್ಕೇ ಒಗ್ಗದ್ದು.

ಆದರೂ ಒಂದು ವಿಷಯಕ್ಕೆ ಹೊರಗಿನವರೇ ಬರಬೇಕು, ಅದರಲ್ಲಿ ರಾಜಿ ಕೂಡದು. ಅದು ಮಕ್ಕಳ ಸುರಕ್ಷತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. 2012ರ ತಿದ್ದುಪಡಿ ಮದ್ರಸ, ವೇದಪಾಠಶಾಲೆಗಳನ್ನು ಆ ಕಾಯ್ದೆಯ ಹೊರಗಿಟ್ಟಿತು. ಆದರೆ ಅದೇ 2012ರ ಪೋಕ್ಸೊ ಕಾಯ್ದೆಯಿಂದ ಯಾರೂ ಹೊರಗಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ಹೇಳುವುದು ಪ್ರತಿಯೊಬ್ಬರ ಕಾನೂನುಬದ್ಧ ಹೊಣೆ. ಸಂಸ್ಥೆಯ ಮರ್ಯಾದೆಗಾಗಿ ಸುಮ್ಮನಿರುವುದು ಅಪರಾಧ. ಮಕ್ಕಳು ತಂದೆತಾಯಿಯಿಂದ ದೂರ ಇರುವ ವಸತಿ ಹಿಫ್ಝ್ ಕೇಂದ್ರಗಳಲ್ಲಿ ಈ ತಿಳಿವಳಿಕೆ ಅಡುಗೆಯವರಿಂದ ಅಧ್ಯಕ್ಷರವರೆಗೆ ಎಲ್ಲರಿಗೂ ಇರಬೇಕು. ವಕೀಲರನ್ನು, ಮಕ್ಕಳ ರಕ್ಷಣಾ ಅಧಿಕಾರಿಗಳನ್ನು ಕರೆಸಿ ವರ್ಷಕ್ಕೊಮ್ಮೆ ಇದನ್ನು ಹೇಳಿಸಲೇಬೇಕು.

ಸಂಬಳದ ಮಾತನ್ನು ಬಿಟ್ಟು ತರಬೇತಿಯ ಮಾತಾಡುವುದು ನನಗೆ ಸಾಧ್ಯವಿಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಅವಶೇಷ ನೋಡಿದವರಿಗೆ ಹೆಂಚಿನ ಬಣ್ಣ, ಉಳಿದಿರುವ ಒಂದು ಮಿನಾರ್ ನೆನಪಿರುತ್ತದೆ. ನಾನು ನೋಡುವುದು ಅಲ್ಲಿಯ ಕೋಣೆಗಳನ್ನು. ಗ್ರಂಥಾಲಯ, ಉಪನ್ಯಾಸದ ಸಭಾಂಗಣಗಳ ಜೊತೆಗೆ ವಿದ್ಯಾರ್ಥಿಗಳಿಗೆ ವಾಸದ ಕೋಣೆ, ಅಧ್ಯಾಪಕರಿಗೂ ವಾಸದ ಮನೆ ಇದ್ದ ಕಟ್ಟಡ ಅದು. ಕಲಿಸುವವನು ನಾಳೆಯ ಅನ್ನದ ಚಿಂತೆ ಬಿಟ್ಟು ಕಲಿಸಲಿ ಎಂಬ ವಿವೇಕ ಐದೂವರೆ ಶತಮಾನದ ಹಿಂದೆ ನಮ್ಮ ನೆಲದಲ್ಲೇ ಇತ್ತು. ಇಂದು ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಮನೆಪಾಠ ಎಂದು ಓಡುವ ಉಸ್ತಾದರನ್ನು ಭಾನುವಾರವೂ ಕರೆದು ಕೂರಿಸಿದರೆ ಅವರು ನಿದ್ದೆ ತಡೆಯುವುದೇ ದೊಡ್ಡದು. ಬಿ.ಎಡ್. ಮಾಡಿದ ಹೆಣ್ಣುಮಕ್ಕಳು ಎರಡು ವರ್ಷಕ್ಕೇ ಬಿಟ್ಟುಹೋಗುವುದೂ ಸಂಬಳ ಸಾಲದ್ದರಿಂದಲೇ. ಬಿಟ್ಟುಹೋಗುವವರಿಗೆ ಕೊಟ್ಟ ತರಬೇತಿ ಆ ಶಾಲೆಯ ಮಕ್ಕಳಿಗೆ ದಕ್ಕುವುದಿಲ್ಲ.

ತರಗತಿಯೊಳಗಿನ ಈ ತರಬೇತಿಗೆ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. 1951ರಲ್ಲಿ ಸ್ಥಾಪನೆಯಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಮಂಡಳಿಯಡಿ ಹತ್ತು ಸಾವಿರಕ್ಕೂ ಮಿಕ್ಕಿ ಮದ್ರಸಗಳಿವೆ, ನಮ್ಮ ಕರಾವಳಿಯವೂ ಅದರಲ್ಲಿ ಸೇರಿವೆ. ಅಲ್ಲಿ ಮದ್ರಸಗಳನ್ನು ‘ರೇಂಜ್’ಗಳಾಗಿ ಕೂಡಿಸಿದ್ದಾರೆ, ಮುಅಲ್ಲಿಮರ, ಅಂದರೆ ಉಸ್ತಾದರ, ಸಭೆಗಳಿವೆ, ತರಗತಿಗೆ ಬಂದು ನೋಡುವ ‘ಮುಫತ್ತಿಶ್’ ಇದ್ದಾರೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಕ್ಲಸ್ಟರ್ ಸಮಾಲೋಚನಾ ಸಭೆ ಇರುವ ಹಾಗೆಯೇ ಇದು. ಮುಫತ್ತಿಶರು ತಪ್ಪು ಹುಡುಕುವ ಪರೀಕ್ಷಕರಾಗಿ ಮಾತ್ರ ಬರದೆ ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯಣ್ಣನಾಗಿಯೂ ಬಂದರೆ, ರೇಂಜ್ ಸಭೆಗೆ ಹತ್ತಿರದ ಶಾಲೆಯ ಟೀಚರ್‌ಗಳನ್ನೂ ಕರೆದರೆ, ಅರ್ಧ ಕೆಲಸ ಆದಂತೆ. ಆ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಕೇಳುವ ಜಾಗ ಮಾತ್ರವಲ್ಲ, ಮಾತಾಡುವ ಜಾಗವೂ ಬೇಕು. ಮಕ್ಕಳೊಡನೆ ಅತಿ ಹೆಚ್ಚು ಹೊತ್ತು ಕಳೆಯುವವರು ಅವರೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. 40 ವಾರಗಳ ಶಾಲೆಗೆ ಅದು ವಾರಕ್ಕೆ ಒಂದೂಕಾಲು ಗಂಟೆ. ಆಡಳಿತ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ರಮಝಾನ್ ರಜೆ ಮುಗಿದು ಶವ್ವಾಲ್‌ನಲ್ಲಿ ಮದ್ರಸ ತೆರೆಯುವಾಗ, ಜೂನ್‌ನಲ್ಲಿ ಶಾಲೆಯ ವೇಳಾಪಟ್ಟಿ ಬರೆಯುವಾಗ, ಆ ಒಂದೂಕಾಲು ಗಂಟೆಯನ್ನು ಸಂಬಳ ಸಹಿತವಾದ ಕೆಲಸದ ಹೊತ್ತಿನಲ್ಲೇ ಬರೆದಿಡಿ. ಅದರಲ್ಲಿ ಒಂದು ಪೀರಿಯಡ್ ಗಣಿತದ ಟೀಚರ್ ಉಸ್ತಾದರ ತರಗತಿಯಲ್ಲಿ ಕೂರಲಿ, ಮುಂದಿನ ವಾರ ಉಸ್ತಾದರು ಟೀಚರ್ ತರಗತಿಯಲ್ಲಿ ಕೂರಲಿ. ಉಳಿದ ಅರ್ಧ ಗಂಟೆ ಇಬ್ಬರಿಗೂ ಒಂದೊಂದು ಲೋಟ ಚಹಾ ಕೊಟ್ಟು, ಅವರು ನೋಡಿದ ಮಕ್ಕಳ ಬಗ್ಗೆ ಮಾತಾಡಿಕೊಳ್ಳಲು ಬಿಡಿ.