ಮೀನು ಹರಾಜಿನಲ್ಲಿ ದುಡ್ಡೊಂದೇ ಲೆಕ್ಕವೇ?

ಅಮೃತಾಪುರದ ಕಡೆಯ ನಮಗೆ ಕೆರೆ ಎಂದರೆ ತೋಟದ ನೀರು. ಕೆರೆಯ ಮೀನು ನೆನಪಾಗುವುದು ಹರಾಜಿನ ದಿನ ಮಾತ್ರ. ನಮ್ಮ ಸುತ್ತಿನ ಒಂದು ಕೆರೆಯ ಮೀನು ಹರಾಜಿನಲ್ಲಿ 'ಹೆಚ್ಚು ಕೂಗಿದವರಿಗೇ ಕೊಡಿ' ಎಂದು ಗಟ್ಟಿಯಾಗಿ ಹೇಳಿದವರಲ್ಲಿ ನಾನೂ ಒಬ್ಬ.

ಗುತ್ತಿಗೆಯ ಕೊನೇ ವರ್ಷ ಅದರ ಫಲ ಉಂಡೆವು. ಗುತ್ತಿಗೆದಾರ ಹಾಕಿದ ದುಡ್ಡು ಎತ್ತಬೇಕು. ಹಿಡಿಯದೆ ಉಳಿದ ಮೀನು ಮುಂದಿನವನ ಪಾಲು. ಸಣ್ಣ ಕಣ್ಣಿನ ಬಲೆ ಬಂತು. ಎಳೆಯಲು ಸುಲಭವಾಗಲೆಂದು ರಾತ್ರಿ ತೂಬನ್ನೂ ಎತ್ತಿದರು. ಕಾಲು ಕಿಲೋ ತೂಗದ ಕಾಟ್ಲಾ ಸಂತೆಗೆ ಹೋಯಿತು. ಏಪ್ರಿಲ್‌ನಲ್ಲಿ ನನ್ನ ಅಡಿಕೆಗೆ ನೀರಿಲ್ಲ. ಅವನನ್ನು ಬಾಯ್ತುಂಬ ಬೈದೆವು. ಆದರೆ ಅವನನ್ನು ಆ ಇಕ್ಕಟ್ಟಿಗೆ ತಳ್ಳಿದ್ದು ನಮ್ಮ ಹರಾಜೇ ಅಲ್ಲವೇ?

ಪಂಚಾಯ್ತಿಗೆ ವರಮಾನ ಬೇಕು, ಬಲೆಯವನಿಗೆ ದಿನದ ದುಡಿಮೆ, ನಮಗೆ ಬೇಸಿಗೆಯ ನೀರು. ಯಾರದೂ ತಪ್ಪಲ್ಲ. ಮೂರನ್ನೂ ಒಂದೇ ವರ್ಷದಲ್ಲಿ ಪೂರ್ತಿ ಹಿಂಡಲು ಆಗುವುದಿಲ್ಲ, ಅಷ್ಟೆ.

ಸಮುದ್ರದಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಮೋಟಾರಿಲ್ಲದ ನಾಡದೋಣಿಗೆ ವಿನಾಯಿತಿ ಇದೆ. ರಜೆಯೊಂದೇ ಸಾಲದೆಂದು 2017ರಲ್ಲಿ ಎಲ್‌ಇಡಿ ದೀಪ ಹಾಕಿ ಹಿಡಿಯುವುದನ್ನೂ ನಿಷೇಧಿಸಿದರು. ಯಾವಾಗ ಹಿಡಿಯಬೇಕು, ಯಾವುದರಿಂದ ಹಿಡಿಯಬೇಕು, ಎರಡಕ್ಕೂ ಲಗಾಮು ಬೇಕು.

ಕೆರೆಯ ಲೆಕ್ಕ ಸ್ವಲ್ಪ ಬೇರೆ. ಕಾಟ್ಲಾ, ರೋಹು, ಮೃಗಾಲ್ ಸಾಮಾನ್ಯವಾಗಿ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮರಿ ತಂದು ಬಿತ್ತಬೇಕು, ಬೆಳೆಯಲು ಬಿಡಬೇಕು. ಮಳೆಗಾಲದ ರಜೆ ಬೇಕಾದ್ದು ಕೆರೆಯಲ್ಲೇ ಮರಿ ಮಾಡುವ ಕೊರಮೀನಿನಂಥ ನಾಟಿ ಮೀನಿಗೆ.

ಹರಾಜಿಗೆ ಮುಂಚೆಯೇ ಕರಾರಿನಲ್ಲಿ ನಾಲ್ಕು ಮಾತು ಬರೆಸಿ ಎನ್ನುವುದು ನನ್ನ ಸಲಹೆ. ಒಂದು, ತೂಬಿನ ಕಲ್ಲಿಗೆ ಗುರುತು ಹಾಕಿ. ಮೀನಿಗಾಗಿ ನೀರು ಅದರ ಕೆಳಗಿಳಿಯಬಾರದು. ಎರಡು, ಬಲೆಯ ಕಣ್ಣಿನ ಅಳತೆ. ಮೂರು, ಮುಂಗಾರಿನ ಎರಡು ತಿಂಗಳು ಬಲೆ ಬೇಡ. ಆ ಎರಡು ತಿಂಗಳ ಬಾಡಿಗೆಯೂ ಬೇಡ. ನಾಲ್ಕು, ಕೊನೇ ವರ್ಷ ಕೆರೆಯಲ್ಲಿ ಉಳಿಸಿದ ಮೀನಿಗೆ ಮುಂದೆ ಬರುವವನು ಬೆಲೆ ಕೊಡಬೇಕು. ತೋಟ ಕೊಳ್ಳುವವರು ಮರದ ಮೇಲಿನ ಫಸಲಿಗೂ ಬೆಲೆ ಕಟ್ಟುವುದಿಲ್ಲವೇ?

ಹರಾಜಿನ ಮೊತ್ತ ಕಮ್ಮಿಯಾದೀತು. ಆಗಲಿ. ಒಣಗಿದ ಅಡಿಕೆ ಮರ ಮತ್ತೆ ಎಬ್ಬಿಸಲು ಎಷ್ಟು ವರ್ಷ ಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮೂರ ಕೆರೆಯ ಕರಾರಿನಲ್ಲಿ ಏನಿದೆ, ಓದಿದ್ದೀರಾ? ನಾನಂತೂ ತೋಟ ಒಣಗುವ ತನಕ ಓದಿರಲಿಲ್ಲ.