ಹಿಂದಿರುಗಿದವನ ಧೈರ್ಯ

ಹಗ್ಗವಿಲ್ಲದೆ ಬಂಡೆಯೇರುವವರನ್ನು ನಿರ್ಭೀತರೆಂದು ಕೊಂಡಾಡುವುದು ರೂಢಿ. 2018ರ ‘ಫ್ರೀ ಸೋಲೋ’ ಸಾಕ್ಷ್ಯಚಿತ್ರ ತೋರಿಸುವುದು ಬೇರೆಯದನ್ನೇ. ಅಮೆರಿಕದ ಅಲೆಕ್ಸ್ ಹೊನಾಲ್ಡ್ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು 2017ರ ಜೂನ್ 3ರಂದು ಹಗ್ಗವಿಲ್ಲದೆ ಏರಿದರು, ನಿಜ. ಆದರೆ ಅದಕ್ಕೆ ಮುನ್ನ ಅದೇ ಹಾದಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿದ್ದರು. 2016ರಲ್ಲೊಮ್ಮೆ ಹೊರಟು, ಮನಸ್ಸು ಒಪ್ಪದೆ ಹಿಂದಿರುಗಿದ್ದೂ ಉಂಟು. ಚಿತ್ರದಲ್ಲಿ ಹೆಚ್ಚು ಧೈರ್ಯ ಬೇಡಿದ ಗಳಿಗೆ ಬಹುಶಃ ಅದೇ.

ರಾಮನಗರ, ಮಾಗಡಿಯ ಬಂಡೆಗಳತ್ತ ಕಣ್ಣಿಟ್ಟ ತರುಣರು ಆ ದೃಶ್ಯವನ್ನು ಎರಡು ಬಾರಿ ನೋಡಲಿ. ರಾಮದೇವರ ಬೆಟ್ಟವಂತೂ 2012ರಿಂದ ರಣಹದ್ದುಗಳ ಧಾಮ. ಆ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಕಡಿದಾದ ಬಂಡೆಯ ಅಂಚಿನಲ್ಲಿ. ಏರುವವನಿಗೆ ಹೆದರಿ ತಾಯಿ ಮೇಲೆದ್ದರೆ ಆ ವರ್ಷದ ಸಂತಾನವೇ ಹೋದೀತು. ಆ ಬಂಡೆ ಹದ್ದಿಗಿರಲಿ. ಕಲಿಯುವವರು ಸಾವನದುರ್ಗದಂಥೆಡೆ ಅನುಮತಿ ಪಡೆದು, ಬಲ್ಲವರೊಡನೆ, ಹಗ್ಗ ಕಟ್ಟಿಕೊಂಡೇ ಏರಲಿ.